ಒರಲೆ ತಿಂದ ಫೈಲು

ನನ್ನ ಎದೆಯ ನಡುವೆ ಒಂದೇ ಗಾಯದ ಗೆರೆ ಇದೆ. ಆದರೆ ಆ ಗೆರೆಯ ಮೇಲೆ ಎರಡು ಸಲ ಕತ್ತರಿಸಿದ್ದಾರೆ. ಮೊದಲ ಸಲ 2000ದಲ್ಲಿ, ನನಗೆ 7 ವರ್ಷ ಇದ್ದಾಗ. ಎರಡನೆಯ ಸಲ 2024ರ ಜೂನ್ 4ರಂದು. ಊರಿನವರೆಲ್ಲ ಟಿವಿ ಮುಂದೆ ಕೂತು ಲೋಕಸಭೆಯ ಮತ ಎಣಿಕೆ ನೋಡುತ್ತಿದ್ದ ದಿನ ಅದು.

ಈ ಎರಡರ ನಡುವೆ 17 ವರ್ಷ ನಾನು ಹೃದಯದ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಆ 17 ವರ್ಷಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದಿದ್ದು ಉತ್ತರ ಕನ್ನಡದ ಅಂಕೋಲೆ ತಾಲೂಕಿನಲ್ಲಿ. ಮದುವೆಯಾಗಿದ್ದೂ ಇಲ್ಲೇ. ಚಿಕ್ಕವಳಿದ್ದಾಗ ಅತ್ತರೆ ನನ್ನ ತುಟಿ ನೇರಳೆಹಣ್ಣು ತಿಂದ ಹಾಗೆ ಆಗುತ್ತಿತ್ತಂತೆ. ನಾಲ್ಕು ಹೆಜ್ಜೆ ಓಡಿದರೆ ಸುಸ್ತಾಗಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದೆ. ಹಾಗೆ ಕೂತರೆ ಆರಾಮ ಅನಿಸುತ್ತಿತ್ತು. ಯಾರೂ ಹೇಳಿಕೊಟ್ಟಿದ್ದಲ್ಲ. ಕಾಲು ಮಡಚಿ ಕೂತಾಗ ಕಾಲಿನ ರಕ್ತನಾಳಗಳು ಒತ್ತಿಕೊಂಡು, ರಕ್ತ ಶ್ವಾಸಕೋಶದ ಕಡೆ ಸ್ವಲ್ಪ ಜಾಸ್ತಿ ಹೋಗುತ್ತದೆ ಅಂತ ಡಾಕ್ಟರ್ ವಿವರಿಸಿದ್ದು ಎಷ್ಟೋ ವರ್ಷದ ಮೇಲೆ. ಮಗುವಿನ ಮೈಗೆ ಅದು ತಾನಾಗಿ ಗೊತ್ತಿರುತ್ತದೆ ಅಂದರು.

ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೊ. ಫ್ಯಾಲೊ ಅನ್ನುವುದು 1888ರಲ್ಲಿ ಇದನ್ನು ವಿವರವಾಗಿ ಬರೆದ ಫ್ರೆಂಚ್ ಡಾಕ್ಟರ ಹೆಸರು. ಇದರಲ್ಲಿ ನಾಲ್ಕು ತೊಂದರೆ ಒಟ್ಟಿಗೆ ಇರುತ್ತವೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಆ ತೂತಿನ ಮೇಲಕ್ಕೇ ಸರಿದು ಕೂತಿರುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ರಕ್ತ ನೂಕಿ ನೂಕಿ ಬಲಗಡೆಯ ಕೋಣೆಯ ಗೋಡೆ ದಪ್ಪಗಾಗುತ್ತದೆ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ತೂತು ಮುಚ್ಚಿದರು, ದಾರಿ ಅಗಲ ಮಾಡಿದರು. ಆಮೇಲೆ ಅಪ್ಪ ವರ್ಷಕ್ಕೊಮ್ಮೆ ನನ್ನನ್ನು ಕರೆದುಕೊಂಡು ಅರಬೈಲ್ ಘಟ್ಟ ಹತ್ತಿ, ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತಿದ್ದ. ಘಟ್ಟದಲ್ಲಿ ನನಗೆ ಪ್ರತಿ ಸಲ ವಾಂತಿ. 2006ರಲ್ಲಿ ಡಾಕ್ಟರ್, 'ಚೆನ್ನಾಗಿದ್ದಾಳೆ, ಇನ್ನು ಎರಡು ವರ್ಷ ಬಿಟ್ಟು ಬನ್ನಿ' ಅಂದರು. ಆ ಎರಡು ವರ್ಷ ಮುಗಿಯಲೇ ಇಲ್ಲ. 'ಆಪರೇಷನ್ ಆಯ್ತಲ್ಲ, ಇನ್ನೆಂತ?' ಅಂದ ಅಪ್ಪ. ಅವನನ್ನು ದೂರುವುದಿಲ್ಲ. ದುಡಿದಿದ್ದೆಲ್ಲ ನನ್ನ ಎದೆಗೇ ಹಾಕಿದ್ದ. ನನಗೂ ಯಾವ ತೊಂದರೆಯೂ ಇರಲಿಲ್ಲ. ಸೈಕಲ್ ಹೊಡೆದೆ, ಪಿಯುಸಿ ಮುಗಿಸಿದೆ, ಮದುವೆಯಾಯಿತು, 2017ರಲ್ಲಿ ಮಗಳು ಹುಟ್ಟಿದಳು. ಹೆರಿಗೆಯ ಆಸ್ಪತ್ರೆಯಲ್ಲಿ ಎದೆಯ ಗಾಯ ನೋಡಿ ಕೇಳಿದರು. 'ಸಣ್ಣವಳಿದ್ದಾಗ ಆಪರೇಷನ್ ಆಗಿದೆ, ಈಗ ಎಂತದೂ ಇಲ್ಲ' ಅಂದೆ. ಅದನ್ನೇ ಬರೆದುಕೊಂಡರು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಅಂತ ಯಾರೂ ಹೇಳಲಿಲ್ಲ. ಈಗ ನೆನೆದರೆ ಕೈ ತಣ್ಣಗಾಗುತ್ತದೆ.

ನಾನು ಅಂಗನವಾಡಿ ಕಾರ್ಯಕರ್ತೆ. 2023ರ ನವೆಂಬರ್‌ನಲ್ಲಿ ನಮ್ಮಲ್ಲಿಗೆ ಆರ್‌ಬಿಎಸ್‌ಕೆ ತಂಡ ಬಂತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ, 2013ರಿಂದ ನಡೆಯುತ್ತಿದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತಾರೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದಲ್ಲಿ ಏನಾದರೂ ಒಂದು ದೋಷ ಇರುತ್ತದೆ. ಹಾಗಾಗಿ ಪ್ರತಿ ಮಗುವಿನ ಎದೆಗೂ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಆ ದಿನ ನಾನು ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿ ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಐದಾರು ಮಕ್ಕಳಾಗುವಷ್ಟರಲ್ಲಿ ಏದುಸಿರು ಬಂತು. ಡಾಕ್ಟರ್ ನನ್ನನ್ನೇ ನೋಡಿದರು. ಕುತ್ತಿಗೆಯ ಕೆಳಗೆ ಗಾಯದ ತುದಿ ಕಾಣುತ್ತಿತ್ತು.

'ಏನಾಗಿತ್ತು ಅಕ್ಕೋರೇ?'

ಹೇಳಿದೆ.

'ಕೊನೇ ಎಕೋ ಯಾವಾಗ ಮಾಡಿಸಿದ್ರಿ?'

ನಾನು ಲೆಕ್ಕ ಹಾಕಲು ನಿಂತೆ. ಅವರು ಮಕ್ಕಳ ರೆಫರ್ ಚೀಟಿಯ ಹಿಂಬದಿಯಲ್ಲೇ ನನ್ನ ಹೆಸರು ಬರೆದು, 'ಮಕ್ಕಳಿಗಿಂತ ಮೊದಲು ನೀವು ಹೋಗಿ' ಅಂದರು.

ಹೋಗಬೇಕಾದರೆ ಹಳೆಯ ಫೈಲು ಬೇಕಲ್ಲ? ಅಪ್ಪ ಅದನ್ನು ಅಟ್ಟದ ಮೇಲೆ ಜಮೀನಿನ ಕಾಗದಗಳ ಜೊತೆ ಇಟ್ಟಿದ್ದ. ಅಪ್ಪ ತೀರಿಹೋಗಿ ಆಗಲೇ ಐದು ವರ್ಷ. ತಮ್ಮ ಏಣಿ ಹಾಕಿ ಕೆಳಗಿಳಿಸಿ ಕೊಟ್ಟ. ಮೇಲಿನ ರಟ್ಟು ಸರಿಯಾಗೇ ಇತ್ತು. ತೆರೆದರೆ ಒಳಗೆ ಮಣ್ಣು. ಒರಲೆ, ಅಂದರೆ ಗೆದ್ದಲು, ಕಾಗದವನ್ನೆಲ್ಲ ತಿಂದು, ನಡುವೆ ಗೂಡಿನ ಹಾಗೆ ತೂತು ಮಾಡಿತ್ತು. ಉಳಿದಿದ್ದು ಅಂಚುಗಳು ಮಾತ್ರ. ಒಂದು ಅಂಚಿನಲ್ಲಿ ನನ್ನ ಹೆಸರು. ಇನ್ನೊಂದರಲ್ಲಿ '14 ಕೆಜಿ' ಅಂತ ತೂಕ. 7 ವರ್ಷದ ಹುಡುಗಿಗೆ 14 ಕೆಜಿ! ನಮ್ಮ ಅಂಗನವಾಡಿಯಲ್ಲಿ 3 ವರ್ಷದ ಮಕ್ಕಳೇ ಅಷ್ಟು ತೂಗುತ್ತಾರೆ. ಏನು ಆಪರೇಷನ್, ಎಲ್ಲಿ ಪ್ಯಾಚ್ ಹಾಕಿದರು, ಯಾವ ಅಳತೆ, ಎಲ್ಲ ಒರಲೆಯ ಹೊಟ್ಟೆಗೆ ಹೋಗಿತ್ತು. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದರೆ, ಅಷ್ಟು ಹಳೆಯ ದಾಖಲೆ ಸಿಗುವುದಿಲ್ಲ ಅಂದರು.

ಜನವರಿಯಲ್ಲಿ ಮಣಿಪಾಲಕ್ಕೆ ಹೋದೆವು. ಅಂಕೋಲೆಯಿಂದ 150 ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯ ಜನ ಒಟ್ಟಾಗಿ ಕೂಗಿದ್ದರು. ನಾನೂ ವಾಟ್ಸ್ಯಾಪ್ ಸ್ಟೇಟಸ್ ಹಾಕಿದ್ದೆ. ಅದು ನನಗೇ ಬೇಕಾಗುತ್ತದೆ ಅಂತ ಆಗ ಅನಿಸಿರಲಿಲ್ಲ.

ಎಕೋ, ಇಸಿಜಿ, ಆಮೇಲೆ ಎಮ್‌ಆರ್‌ಐ ಆಯಿತು. ಎಮ್‌ಆರ್‌ಐ ಯಂತ್ರದೊಳಗೆ ಒಂದು ಗಂಟೆ ಹತ್ತಿರ ಮಲಗಿ, ಅವರು ಹೇಳಿದಾಗೆಲ್ಲ ಉಸಿರು ಹಿಡಿಯಬೇಕು. ಡಾಕ್ಟರ್ ಒಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಮೊದಲ ಆಪರೇಷನ್‌ನಲ್ಲಿ ಇಕ್ಕಟ್ಟಿನ ದಾರಿ ಅಗಲ ಮಾಡಲು ಅಲ್ಲಿದ್ದ ವಾಲ್ವನ್ನೇ ಸೀಳಿ ಪ್ಯಾಚ್ ಹಾಕಿದ್ದಾರೆ. ಆ ಕಾಲದಲ್ಲಿ ನನ್ನ ಜೀವ ಉಳಿಸಲು ಅದೇ ಸರಿಯಾದ ದಾರಿ. ಆದರೆ ಅಲ್ಲಿ ಬಾಗಿಲು ಇಲ್ಲದ ಹಾಗಾಯಿತು. ಬಲಗಡೆಯ ಕೋಣೆ ಪ್ರತಿ ಬಡಿತಕ್ಕೂ ರಕ್ತವನ್ನು ಶ್ವಾಸಕೋಶಕ್ಕೆ ನೂಕುತ್ತದೆ, ಅದರಲ್ಲಿ ಒಂದು ಪಾಲು ವಾಪಸು ಬರುತ್ತದೆ.

ನನಗೆ ತಕ್ಷಣ ಗಜನಿ ಗದ್ದೆ ನೆನಪಾಯಿತು. ನಮ್ಮ ಕಡೆ ಹೊಳೆಯಂಚಿನ ತಗ್ಗು ಗದ್ದೆಗೆ ಗಜನಿ ಅನ್ನುತ್ತಾರೆ. ಅದಕ್ಕೆ ಕಟ್ಟೆ ಹಾಕಿ, ಅದರಲ್ಲಿ ಜಂತ್ರಡಿ ಇಡುತ್ತಾರೆ. ಇಳಿತದಲ್ಲಿ ಗದ್ದೆಯ ನೀರು ಹೊರಗೆ ಹೋಗಬೇಕು, ಭರತದಲ್ಲಿ ಉಪ್ಪುನೀರು ಒಳಗೆ ಬರಬಾರದು, ಅದಕ್ಕೆ ಆ ಬಾಗಿಲು. ಜಂತ್ರಡಿ ಮುರಿದರೆ ಒಂದೇ ದಿನಕ್ಕೆ ಗದ್ದೆ ಹಾಳಾಗುವುದಿಲ್ಲ. ಉಬ್ಬರ ಬಂದಾಗೆಲ್ಲ ಸ್ವಲ್ಪ ಸ್ವಲ್ಪ ನೀರು ನಿಲ್ಲುತ್ತಾ ಹೋಗುತ್ತದೆ. ನನ್ನ ಹೃದಯದಲ್ಲಿ 24 ವರ್ಷ ಹಾಗೆ ನೀರು ನಿಂತಿತ್ತು. ಬಲಗಡೆಯ ಕೋಣೆ ಹಿಗ್ಗಿಹೋಗಿತ್ತು. ಮೈಯ ಅಳತೆಗೆ ಹೋಲಿಸಿ ಅದರ ಗಾತ್ರ ಲೆಕ್ಕ ಹಾಕುತ್ತಾರೆ. ಮೈಯ ಒಂದು ಚದರ ಮೀಟರಿಗೆ 160 ಮಿಲಿಲೀಟರ್ ದಾಟಿದರೆ ವಾಲ್ವ್ ಹಾಕುವ ಯೋಚನೆ ಮಾಡಬೇಕು. ನನ್ನದು 168 ಇತ್ತು. ಇಸಿಜಿಯ ಒಂದು ಅಲೆಯೂ ಅಗಲವಾಗಿತ್ತು. ಅದು 180 ಮಿಲಿಸೆಕೆಂಡ್ ದಾಟಿದವರಿಗೆ ಬಡಿತ ದಿಢೀರ್ ತಪ್ಪುವ ಅಪಾಯ ಜಾಸ್ತಿಯಂತೆ. ನನ್ನದು 172.

'ಇನ್ನೂ ಮೊದಲೇ ಬರಬೇಕಿತ್ತು' ಅಂದರು ಡಾಕ್ಟರ್. ಗದರಲಿಲ್ಲ. ಗದರಿದ್ದರೆ ಅಳುತ್ತಿದ್ದೆ. 'ಆದರೆ ತಡ ಆಗಿಲ್ಲ. ಹೊಸ ವಾಲ್ವ್ ಹಾಕಿದರೆ ಕೋಣೆ ಮತ್ತೆ ಚಿಕ್ಕದಾಗಬಹುದು.'

ಕೆಲವರಿಗೆ ತೊಡೆಯ ನಾಳದ ಮೂಲಕವೇ ವಾಲ್ವ್ ಹಾಕುತ್ತಾರೆ, ಎದೆ ತೆರೆಯಬೇಕಿಲ್ಲ. ನನ್ನ ದಾರಿ ಅದಕ್ಕೆ ತೀರಾ ಅಗಲವಾಗಿತ್ತು. ಹಾಗಾಗಿ ಬೆಂಗಳೂರಿನಲ್ಲಿ ಮತ್ತೆ ಎದೆ ತೆರೆಯುವ ಆಪರೇಷನ್ ಅಂತ ಆಯಿತು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಕ್ಕೆ ಮೂರು ಸಲ ಓಡಾಡಿದೆವು. ಆಪರೇಷನ್ ಯೋಜನೆಯಲ್ಲೇ ಆಯಿತು. ಎಮ್‌ಆರ್‌ಐ, ಓಡಾಟ, ಉಳಿಯುವ ಖರ್ಚು ಕೈಯಿಂದ ಹೋಯಿತು. ಹೊರಡುವ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎರಡು ಹುಳುಕು ಹಲ್ಲು ತುಂಬಿಸಿಕೊಂಡು ಬನ್ನಿ ಅಂದರು. ಬಾಯಿಯ ಸೋಂಕು ರಕ್ತಕ್ಕೆ ಸೇರಿ ಹೊಸ ವಾಲ್ವಿನ ಮೇಲೆ ಕೂರಬಹುದಂತೆ.

ವಾಲ್ವ್ ಹಂದಿಯದ್ದು ಅಂತ ಕೇಳಿದಾಗ ಆಯಿಗೆ, ಅಂದರೆ ಅಮ್ಮನಿಗೆ, ಹೇಳೋದೋ ಬೇಡವೋ ಅಂತ ನನಗೂ ನಮ್ಮನೆಯವರಿಗೂ ಚರ್ಚೆಯಾಯಿತು. ಕೊನೆಗೆ ಹೇಳಿಯೇಬಿಟ್ಟೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಯಾವ ಜೀವದ್ದಾದ್ರೂ ಆಗ್ಲಿ ತಂಗಿ, ಅದಕ್ಕೊಂದು ಕೈ ಮುಗೀತೆ' ಅಂದಳು.

ಆಪರೇಷನ್ ದಿನದ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ. ಮಲಗಿದೆ, ಎದ್ದೆ. ಎದ್ದಾಗ ಗಂಟಲಲ್ಲಿ ಕೊಳವೆ, ಮಾತಾಡಲು ಬರುವುದಿಲ್ಲ, ಬಾಯಾರಿಕೆ ಮಾತ್ರ ನೆನಪಿದೆ. ಕೊಳವೆ ತೆಗೆದ ಮೇಲೆ ನರ್ಸ್ ಒದ್ದೆ ಹತ್ತಿಯಿಂದ ತುಟಿ ಒರೆಸಿದರು. ಅಷ್ಟು ರುಚಿಯ ನೀರು ನಾನು ಕುಡಿದೇ ಇಲ್ಲ. ಹೊಟ್ಟೆಯ ಮೇಲ್ಭಾಗದಿಂದ ಎರಡು ಡ್ರೈನ್ ಕೊಳವೆ, ಬಡಿತ ತಪ್ಪಿದರೆ ಸರಿಮಾಡಲು ಹೃದಯಕ್ಕೆ ಅಂಟಿಸಿದ ಕೂದಲಿನಷ್ಟು ತೆಳುವಾದ ಪೇಸಿಂಗ್ ವೈರು. ನಾಲ್ಕನೇ ದಿನ ಆ ವೈರು ಎಳೆದು ತೆಗೆಯುವಾಗ ಒಳಗೆ ಯಾರೋ ದಾರ ಎಳೆದ ಹಾಗಾಯಿತು. ನೋವಿಗಿಂತ ಹೆದರಿಕೆಯೇ ಜಾಸ್ತಿ.

ಎರಡನೇ ದಿನದಿಂದಲೇ ನಡೆಸಿದರು. ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಉಸಿರು ಒಳಗೆಳೆದು ಚೆಂಡು ಮೇಲೇಳಿಸಬೇಕು. ಮೊದಲ ದಿನ ಒಂದೇ ಚೆಂಡು ಅಲ್ಲಾಡಿತು. ಕೆಮ್ಮುವಾಗ ದಿಂಬನ್ನು ಎದೆಗೆ ಗಟ್ಟಿಯಾಗಿ ಅಪ್ಪಿಕೊಂಡು ಕೆಮ್ಮಬೇಕು. ಆ ದಿಂಬು ಈಗಲೂ ನನ್ನ ಹಾಸಿಗೆಯಲ್ಲಿದೆ. ಮಗಳು ಅದಕ್ಕೆ 'ಆಯಿಯ ಕೆಮ್ಮಿನ ದಿಂಬು' ಅನ್ನುತ್ತಾಳೆ.

ಎಂಟನೇ ದಿನ ಬಿಟ್ಟರು. ಎರಡು ವಾರ ಬೆಂಗಳೂರಿನಲ್ಲಿ ನಾದಿನಿಯ ಮನೆಯಲ್ಲಿದ್ದು, ಗಾಯ ತೋರಿಸಿಕೊಂಡು, ಜೂನ್ ಕೊನೆಗೆ ಪಂಚಗಂಗಾ ರೈಲಿನಲ್ಲಿ ಊರಿಗೆ ಬಂದೆವು. ಅಂಕೋಲೆ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಹೊಯ್ಯುತ್ತಿತ್ತು.

ಮನೆಗೆ ಬಂದ ಮೇಲೆಯೇ ನಿಜವಾದ ಕಷ್ಟ ಶುರು. ಆಸ್ಪತ್ರೆಯಲ್ಲಿ ಎಲ್ಲವೂ ಯಾರದೋ ಕೈಯಲ್ಲಿರುತ್ತದೆ. ಮನೆಯಲ್ಲಿ ಎಲ್ಲವೂ ನನ್ನ ಕೈಯಲ್ಲಿ, ಆದರೆ ಆ ಕೈಯನ್ನು ಬಳಸುವ ಹಾಗಿಲ್ಲ. ಎದೆಯ ಮೂಳೆಯನ್ನು ತಂತಿಯಿಂದ ಕಟ್ಟಿರುತ್ತಾರೆ. ಅದು ಕೂಡಲು ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. 3 ಕೆಜಿಗಿಂತ ಜಾಸ್ತಿ ಎತ್ತಬಾರದು, ಎಳೆಯಬಾರದು, ನೂಕಬಾರದು ಅಂದಿದ್ದರು. ಬಾವಿಯಿಂದ ಒಂದು ಕೊಡಪಾನ ನೀರು ಸೇದಿದರೆ ಎಷ್ಟು ಕೆಜಿ? ನಾನು ಅದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಈಳಿಗೆ ಮಣೆ ಮೇಲೆ ಕೂತು ಕಾಯಿ ತುರಿಯುವುದು ಭಾರವಲ್ಲ, ಆದರೆ ಆ ಭುಜದ ಒತ್ತು ನೇರ ಎದೆಗೆ ಬರುತ್ತದೆ. ನೆಲದ ಮೇಲೆ ಚಾಪೆಯಲ್ಲಿ ಮಲಗಿದರೆ ಏಳುವಾಗ ಕೈ ಊರಲೇಬೇಕು. ಅದಕ್ಕೆ ಪಕ್ಕದ ಮನೆಯಿಂದ ಮಂಚ ತಂದರು. ಮೊದಲು ಒಂದು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಆಸರೆಯಲ್ಲಿ ನಿಧಾನ ಏಳಬೇಕು. ಇದನ್ನು ನನಗೆ ಕಲಿಸಿದ್ದು ಫಿಸಿಯೋಥೆರಪಿಯ ಹುಡುಗಿ. ತಲೆ ಬಾಚುವುದನ್ನು ಆಯಿ ಮಾಡಿದಳು. ಮೂವತ್ತೊಂದು ವರ್ಷದ ಮಗಳಿಗೆ ಜಡೆ ಹೆಣೆಯುತ್ತಾ ಆಯಿ ಹಳೆಯ ಕತೆಯೆಲ್ಲ ಹೇಳಿದಳು. ಮೊದಲ ಆಪರೇಷನ್ ದಿನ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ರಾತ್ರಿಯಿಡೀ ಕೂತಿದ್ದ ಅಂತ ನನಗೆ ಗೊತ್ತಾಗಿದ್ದು ಆಗ.

ಹೆಂಗಸರಿಗೆ ಒಂದು ಮಾತು ಹೇಳಬೇಕು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎದೆಯ ಭಾರ ಗಾಯವನ್ನು ಎರಡು ಕಡೆಗೂ ಎಳೆಯುತ್ತದೆ. ಒಳ ಉಡುಪು ಹಾಕದೇ ಇದ್ದರೆ ಆರಾಮ ಅಂದುಕೊಂಡಿದ್ದೆ, ಅದು ತಪ್ಪು. ಮುಂದೆ ಹುಕ್ಕಿರುವ, ತಂತಿಯಿಲ್ಲದ, ಮೆತ್ತಗಿನ ಹತ್ತಿಯದ್ದನ್ನು ಹಗಲು ರಾತ್ರಿ ಹಾಕಿಕೊಂಡ ಮೇಲೆ ನೋವು ಅರ್ಧ ಇಳಿಯಿತು.

ಮಳೆಗಾಲದಲ್ಲಿ ಗಾಯ ಒಣಗಿಸಿ ಇಟ್ಟುಕೊಳ್ಳುವುದು ಇನ್ನೊಂದು ಕೆಲಸ. ನಮ್ಮ ಕರಾವಳಿಯಲ್ಲಿ ಜುಲೈ ಅಂದರೆ ಟವೆಲ್ಲು ಕೂಡ ಒಣಗುವುದಿಲ್ಲ. ಬಟ್ಟೆಯನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಕೊಡುತ್ತಿದ್ದರು ನಮ್ಮನೆಯವರು. ಗಾಯ ಕೆಂಪಾದರೆ, ನೀರು ಬಂದರೆ, ಎದೆಮೂಳೆ ಕಟಕ್ ಅಂದರೆ ಫೋನ್ ಮಾಡಿ ಅಂತ ಬರೆದುಕೊಟ್ಟಿದ್ದರು.

ಊಟದ್ದು ಬೇರೆ ಪರೀಕ್ಷೆ. ಮೈಯಲ್ಲಿ ನೀರು ನಿಲ್ಲದ ಹಾಗೆ ಲ್ಯಾಸಿಕ್ಸ್ ಮಾತ್ರೆ ಕೊಟ್ಟಿದ್ದರು, ಉಪ್ಪು ಕಮ್ಮಿ ತಿನ್ನಿ ಅಂದಿದ್ದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟಿನ ಮೀನುಗಾರಿಕೆ ಬಂದ್. ಆ ಎರಡು ತಿಂಗಳು ನಮ್ಮ ಕಡೆ ಊಟಕ್ಕೆ ಒಣಮೀನು, ಒಣ ಶೆಟ್ಲಿ (ಸೀಗಡಿ) ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ. ಎಲ್ಲದರಲ್ಲೂ ಉಪ್ಪೇ ಉಪ್ಪು. ನನಗೆ ಗಂಜಿ, ತೊಗರಿಬೇಳೆ ಕಟ್ಟು, ಬಸಳೆ. ಒಳಗಿನಿಂದ ಒಣ ಶೆಟ್ಲಿ ಹುರಿಯುವ ಪರಿಮಳ ಬಂದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸುಮ್ನೆ ಹೇಳುತ್ತಿಲ್ಲ. ಆ ದಿನಗಳಲ್ಲಿ ಎಲ್ಲದಕ್ಕೂ ಅಳು ಬರುತ್ತಿತ್ತು. ಮಧ್ಯರಾತ್ರಿ ಎಡಕ್ಕೆ ತಿರುಗಿದರೆ ಕಿವಿಯಲ್ಲಿ ಹೃದಯದ ಬಡಿತ ಕೇಳುತ್ತಿತ್ತು, ಎಣಿಸುತ್ತಾ ಎಚ್ಚರ ಇರುತ್ತಿದ್ದೆ. ಹೃದಯದ ಆಪರೇಷನ್ ಆದ ಎಷ್ಟೋ ಜನರಿಗೆ ಕೆಲವು ವಾರ ಹೀಗೆ ಮನಸ್ಸು ಕುಗ್ಗುತ್ತದೆ ಅಂತ ಮೊದಲೇ ಗೊತ್ತಿದ್ದಿದ್ದರೆ ನನಗೆ ಹುಚ್ಚು ಹಿಡಿಯುತ್ತಿದೆ ಅಂತ ಹೆದರುತ್ತಿರಲಿಲ್ಲ.

ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ ಅಂದಿದ್ದರು. ತೂಕದ ಯಂತ್ರ ನಮ್ಮ ಮನೆಯಲ್ಲಿ ಎಲ್ಲಿದೆ? ಅಂಗನವಾಡಿಯ ಸಹಾಯಕಿ ಬಾಣಂತಿಯರ ತೂಕ ನೋಡುವ ಯಂತ್ರವನ್ನು ಸಂಜೆ ತಂದಿಟ್ಟು, ಬೆಳಗ್ಗೆ ಒಯ್ಯುತ್ತಿದ್ದಳು. ಜುಲೈ 11ರವರೆಗೆ 46 ಕೆಜಿಯ ಆಸುಪಾಸಿನಲ್ಲೇ ಇತ್ತು. 14ಕ್ಕೆ 48 ಆಯಿತು.

12ರಿಂದಲೇ ಸಣ್ಣ ಜ್ವರ. ಮಲಗಿದರೆ ಎದೆ ಚುಚ್ಚುತ್ತಿತ್ತು, ಎದ್ದು ಮುಂದಕ್ಕೆ ಬಾಗಿ ಕೂತರೆ ಕಮ್ಮಿ. ಹತ್ತಿರದ ಕ್ಲಿನಿಕ್ಕಿಗೆ ಹೋದೆವು. 'ಮಳೆಗಾಲ, ಎಲ್ಲರಿಗೂ ಇದೇ ಜ್ವರ' ಅಂತ ಮಾತ್ರೆ ಕೊಟ್ಟು ಕಳಿಸಿದರು. ಆಪರೇಷನ್ ವಿಷಯ ಹೇಳಿದೆ. 'ಗಾಯ ಚೆನ್ನಾಗಿ ಒಣಗಿದೆಯಲ್ಲ' ಅಂದರು. ಮತ್ತೆ ಅದೇ ಮಾತು ಅನಿಸಿತು ನನಗೆ. ಹೊರಗಿನ ಗಾಯ ನೋಡಿ ಒಳಗಿನದನ್ನು ಹೇಳುವುದು. ಈ ಸಲ ನಾನು ಸುಮ್ಮನಿರಲಿಲ್ಲ. 15ರ ರಾತ್ರಿ ಮಣಿಪಾಲದ ಡಾಕ್ಟರ ನರ್ಸಿಗೆ ಫೋನ್ ಮಾಡಿ ತೂಕ, ಜ್ವರ, ನೋವು ಎಲ್ಲ ಹೇಳಿದೆ. ಹೇಗೂ 18ಕ್ಕೆ ಆರು ವಾರದ ತಪಾಸಣೆ ಇತ್ತು. 'ಕಾಯಬೇಡಿ, ನಾಳೆಯೇ ಬನ್ನಿ' ಅಂದರು.

ಮರುದಿನ, ಜುಲೈ 16ರ ಬೆಳಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿಯಿತು.

ನಾವು ಬಾಡಿಗೆ ಕಾರು ಹೇಳಿಟ್ಟಿದ್ದೆವು. ಡ್ರೈವರ್ ಫೋನ್ ಮಾಡಿ, 'ಹೈವೇ ಇಲ್ಲ, ಗುಡ್ಡ ಹೊಳೆಗೇ ಇಳಿದಿದೆ' ಅಂದ. ಅಂಕೋಲೆಯಿಂದ ಕುಮಟೆಗೆ ಹೋಗುವ ದಾರಿಯ ಮೇಲೆ ಮಣ್ಣಿನ ರಾಶಿ, ಪಕ್ಕದಲ್ಲಿ ಗಂಗಾವಳಿ. ದಾರಿಬದಿಯ ಚಹಾದಂಗಡಿಯ ಮನೆಯವರು ಹೋದರು ಅಂತ ಸುದ್ದಿ. ಆ ಅಂಗಡಿಯ ಮುಂದೆ ನಾವು ಎಷ್ಟೋ ಸಲ ಬಸ್ಸಲ್ಲಿ ಹಾದುಹೋಗಿದ್ದೇವೆ. ಮಳೆ ಬಿಡದೆ ಹೊಯ್ಯುತ್ತಿತ್ತು. ನನ್ನ ಚಿಂತೆ ನನಗೇ ನಾಚಿಕೆ ಅನಿಸಿತು ಆ ಹೊತ್ತಿಗೆ. ಆದರೂ ಉಸಿರು ಮೇಲೆ ಮೇಲೆ ಬರುತ್ತಿತ್ತು. ಯಲ್ಲಾಪುರ, ಶಿರಸಿ ಸುತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಬಹುದು ಅಂದ ಡ್ರೈವರ್. ಆ ಮಳೆಯಲ್ಲಿ ಎರಡು ಘಟ್ಟ, ಕೂಡದ ಎದೆಮೂಳೆ ಇಟ್ಟುಕೊಂಡು! ನಮ್ಮನೆಯವರು ಬೇಡ ಅಂದರು. 'ರೈಲು ನೋಡುವಾ' ಅಂದರು.

ಮಂಗಳೂರು ಕಡೆಯ ಪ್ಯಾಸೆಂಜರ್ ಗಾಡಿ ತಡವಾಗಿ ಬಂತು, ಆದರೆ ಬಂತು. ಜನ ಕಿಕ್ಕಿರಿದಿದ್ದರು. ದಾರಿ ಬಂದ್ ಆದ ಮೇಲೆ ಎಲ್ಲರಿಗೂ ಅದೇ ಗತಿ ತಾನೇ. ನಾನು ಕೆಮ್ಮಿನ ದಿಂಬನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದೆ. ಯಾರೋ ಮೀನು ಮಾರುವ ಅಮ್ಮ ನನ್ನ ಮುಖ ನೋಡಿ, ಏನೂ ಕೇಳದೆ ಎದ್ದು ಜಾಗ ಬಿಟ್ಟಳು. ಉಡುಪಿಯಲ್ಲಿ ಇಳಿದು ಮಣಿಪಾಲ ಮುಟ್ಟಿದಾಗ ಕತ್ತಲಾಗಿತ್ತು.

ಎಕೋದಲ್ಲಿ ಹೃದಯದ ಸುತ್ತ ನೀರು ಕಂಡಿತು. ಹೃದಯಕ್ಕೊಂದು ಚೀಲ ಇರುತ್ತದೆ. ಆಪರೇಷನ್‌ನಲ್ಲಿ ಅದನ್ನು ತೆರೆದಿರುತ್ತಾರೆ. ಕೆಲವು ವಾರದ ಮೇಲೆ ಕೆಲವರಿಗೆ ಆ ಚೀಲಕ್ಕೆ ಉರಿ ಬಂದು ಜ್ವರ, ಎದೆನೋವು ಶುರುವಾಗಿ ನೀರು ತುಂಬುತ್ತದೆ. ನೀರು ಜಾಸ್ತಿಯಾಗಿ ಹೃದಯವನ್ನು ಒತ್ತಿದರೆ ಸೂಜಿ ಹಾಕಿ ತೆಗೆಯಬೇಕು. ನನಗೆ ಆ ಹಂತ ಬಂದಿರಲಿಲ್ಲ. ಐಬುಪ್ರೊಫೆನ್, ಕಾಲ್ಚಿಸಿನ್ ಮಾತ್ರೆ ಕೊಟ್ಟು ಮೂರು ದಿನ ಇಟ್ಟುಕೊಂಡರು. ಮಾತ್ರೆಗೆ ಹೊಟ್ಟೆ ಕೆಟ್ಟಿತು, ಆದರೆ ಎರಡನೇ ದಿನಕ್ಕೇ ಜ್ವರ ಇಳಿಯಿತು. ವಾರ ಬಿಟ್ಟು ಮಾಡಿದ ಎಕೋದಲ್ಲಿ ನೀರು ಅರ್ಧ ಇಳಿದಿತ್ತು, ಆಗಸ್ಟ್ ಕೊನೆಗೆ ಪೂರ್ತಿ ಹೋಗಿತ್ತು. ಶಿರೂರಿನ ನದಿಯಲ್ಲಿ ಹುಡುಕಾಟ ಇನ್ನೂ ಮುಗಿದಿರಲಿಲ್ಲ. ಗುಡ್ಡದ ಮಣ್ಣಿನ ಜೊತೆ ನದಿಗೆ ಬಿದ್ದ ಕೇರಳದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ.

ಸೆಪ್ಟೆಂಬರ್‌ನಲ್ಲೇ ನಾನೂ ಕೆಲಸಕ್ಕೆ ಹೋದೆ. ಮೊದಲ ದಿನ ಮಕ್ಕಳು ಓಡಿ ಬಂದು ಕೈ ಮೇಲೆತ್ತಿ ನಿಂತರು, ಎತ್ತಿಕೋ ಅಂತ. ಮೂರು ತಿಂಗಳು ತುಂಬಲು ಎರಡು ದಿನ ಬಾಕಿ ಇತ್ತು. ನಾನು ನೆಲದ ಮೇಲೆ ಕೂತೆ. ಅವರೇ ತೊಡೆ ಹತ್ತಿ ಕೂತರು.

ಈಗ ನನ್ನ ಲೆಕ್ಕ ಹೀಗಿದೆ. ವರ್ಷಕ್ಕೊಮ್ಮೆ ಎಕೋ ಮತ್ತು ಇಸಿಜಿ, ಡಾಕ್ಟರ್ ಹೇಳಿದಾಗ ಎಮ್‌ಆರ್‌ಐ. ಒಂದು ಸಲ 24 ಗಂಟೆ ಹೃದಯದ ಬಡಿತ ಬರೆದಿಡುವ ಹೋಲ್ಟರ್ ಯಂತ್ರ ಕಟ್ಟಿಕೊಂಡು ಅಂಗನವಾಡಿ ನಡೆಸಿದ್ದೇನೆ. ರಕ್ತ ಹೆಪ್ಪುಗಟ್ಟದ ಹಾಗೆ ಇಕೋಸ್ಪ್ರಿನ್ 75 ಮಾತ್ರೆ ದಿನಾ ಒಂದು. ಹಲ್ಲು ಕೀಳಿಸಬೇಕಾದರೆ ಗಂಟೆ ಮೊದಲು ಅಮಾಕ್ಸಿಸಿಲಿನ್ ತೆಗೆದುಕೊಳ್ಳಬೇಕು, ಇದು ವಾಲ್ವ್ ಇರುವಷ್ಟು ಕಾಲ. ಕಾರಣ ಗೊತ್ತಾಗದ ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸದೆ ಆಂಟಿಬಯೋಟಿಕ್ ನುಂಗಬಾರದು. ಇನ್ನೊಂದು ಮಗು ಬೇಕಾದರೆ ಮೊದಲು ಹೃದಯದ ಡಾಕ್ಟರನ್ನು ಕೇಳಬೇಕು. ಮಗಳಿಗೂ ಎಕೋ ಮಾಡಿಸಿದೆ. ನನ್ನಂಥವರ ಮಕ್ಕಳಿಗೆ ದೋಷ ಇರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ. ಅವಳದು ಸರಿಯಾಗಿದೆ. ಈ ಹಂದಿಯ ವಾಲ್ವ್ ಹತ್ತು ಹದಿನೈದು ವರ್ಷ ಬರಬಹುದು, ಆಮೇಲೆ ಮತ್ತೊಂದು. ಆಗ ಎದೆ ತೆರೆಯದೆ, ಇದರೊಳಗೇ ಇನ್ನೊಂದನ್ನು ತೊಡೆಯ ನಾಳದಿಂದ ಕೂರಿಸಬಹುದು ಅಂದಿದ್ದಾರೆ.

ಫೈಲು ಈಗ ಪ್ಲಾಸ್ಟಿಕ್ ಕವರಿನಲ್ಲಿ, ಸ್ಟೀಲ್ ಟ್ರಂಕಿನಲ್ಲಿ, ನುಸಿಗುಳಿಗೆ ಹಾಕಿ ಇಟ್ಟಿದೆ. ಪ್ರತಿ ಹಾಳೆಯ ಫೋಟೋ ನನ್ನ ಫೋನಿನಲ್ಲಿ, ನಮ್ಮನೆಯವರ ಫೋನಿನಲ್ಲಿ, ತಮ್ಮನ ಫೋನಿನಲ್ಲಿ ಇದೆ. ಒರಲೆ ತಿಂದ ಹಳೆಯ ರಟ್ಟನ್ನೂ ಎಸೆದಿಲ್ಲ.

ನಮ್ಮ ಅಂಗನವಾಡಿಯಲ್ಲಿ ಒಬ್ಬ ಹುಡುಗನಿದ್ದಾನೆ. ಒಂದು ವರ್ಷದವನಿದ್ದಾಗ ಹೃದಯದ ತೂತು ಮುಚ್ಚಿಸಿದ್ದಾರೆ. ಈಗ ನಾಲ್ಕು ವರ್ಷ, ಇಡೀ ಅಂಗಳದಲ್ಲಿ ಅವನಷ್ಟು ಓಡುವವರು ಯಾರೂ ಇಲ್ಲ. ಎರಡು ವರ್ಷದಿಂದ ತಪಾಸಣೆಗೆ ಹೋಗಿಲ್ಲ ಅಂತ ತಿಳಿಯಿತು. ಅವನ ಅಪ್ಪ ಬೋಟಿಗೆ ಹೋಗುವವನು. ಕೇಳಿದೆ.

'ಆಪರೇಷನ್ ಆಯ್ತಲ್ಲ ಅಕ್ಕೋರೇ, ಇನ್ನೆಂತ?' ಅಂದ.

ನಾನು ಒಳಗೆ ಹೋಗಿ ಆ ರಟ್ಟು ತಂದು ಅವನ ಕೈಯಲ್ಲಿಟ್ಟೆ. ತೆರೆದು ನೋಡಿದ. ಬೆರಳಿಗೆ ಒಣಮಣ್ಣು ಹತ್ತಿತು. ನನ್ನ ಕತೆ ಹೇಳಿದೆ. ಎಲ್ಲರ ಆಪರೇಷನ್ ನನ್ನ ಹಾಗಲ್ಲ, ಇವನಿಗೆ ಇನ್ನೇನೂ ಬೇಡದೆಯೂ ಇರಬಹುದು, ಆದರೆ ಅದನ್ನು ಎಕೋ ಹೇಳಬೇಕು, ನಾವಲ್ಲ ಅಂದೆ.

'ಬೋಟು ಬಿಟ್ಟು ಹೆಂಗೆ ಬರೂದು?' ಅಂದ.

'ಜೂನ್ 1ಕ್ಕೆ ಬೋಟು ದಡಕ್ಕೆ ಬರ್ತದಲ್ಲ?'

ಅವನು ತಲೆಯಾಡಿಸಿದ. ನನ್ನ ವರ್ಷದ ಎಕೋ 2025ರ ಜೂನ್‌ನಲ್ಲೇ ಇತ್ತು. ನರ್ಸಿಗೆ ಫೋನ್ ಮಾಡಿ ಎರಡೂ ಹೆಸರನ್ನು ಒಂದೇ ದಿನಕ್ಕೆ ಬರೆಸಿದೆ. ಅಂಕೋಲೆ ಸ್ಟೇಷನ್ನಿನಲ್ಲಿ ಬೆಳಗ್ಗೆ ಮಳೆ ಹನಿಯುತ್ತಿತ್ತು. ಹುಡುಗ ಹೊಸ ಅಂಗಿ ಹಾಕಿಕೊಂಡು, ತನ್ನ ಫೈಲನ್ನು ಯಾರಿಗೂ ಕೊಡದೆ ತಾನೇ ಅಪ್ಪಿ ಹಿಡಿದುಕೊಂಡಿದ್ದ.